ತಳ ಹಿಡಿದ ಹುಳಿಯ ಸುದ್ದಿ ಯಜಮಾನನಿಗೆ ಯಾವಾಗ ತಲುಪುತ್ತದೆ?

ನನ್ನ ಸೋದರಮಾವ ಮದುವೆ ಮನೆಗಳಿಗೆ ಅಡುಗೆ ಮಾಡುವ ಒಂದು ತಂಡ ಕಟ್ಟಿದ್ದರು. ಪಿಯುಸಿ ಓದುವಾಗ ರಜೆಯಲ್ಲಿ ನಾನೂ ಅವರ ಜೊತೆ ಹೋಗುತ್ತಿದ್ದೆ. ತರಕಾರಿ ಹೆಚ್ಚುವುದು, ಎಲೆ ಹಾಕುವುದು, ನೀರು ಬಡಿಸುವುದು, ಇಷ್ಟೇ ನನ್ನ ಕೆಲಸ. ಒಂದು ಮದುವೆಯಲ್ಲಿ ಊಟಕ್ಕೆ ಇನ್ನು ಎರಡು ಗಂಟೆ ಇದೆ ಅನ್ನುವಾಗ ದೊಡ್ಡ ಕೊಪ್ಪರಿಗೆಯ ಹುಳಿ ತಳ ಹಿಡಿಯಿತು. ಒಲೆ ನೋಡಿಕೊಳ್ಳುತ್ತಿದ್ದ ಹುಡುಗ ನನಗಿಂತ ಎರಡು ವರ್ಷ ದೊಡ್ಡವನು ಇರಬಹುದು. ಸಟ್ಟುಗ ಆಡಿಸುವಾಗ ತಳದಲ್ಲಿ ಏನೋ ತಡೆದ ಹಾಗಾಯಿತು, ಸಣ್ಣಗೆ ವಾಸನೆ ಬಂತು. ಅವನು ಸಟ್ಟುಗ ಬಿಟ್ಟು ಓಡಿಬಂದು "ಭಟ್ರೇ, ಹುಳಿ ತಳ ಹಿಡೀತು" ಅಂದ.

ಮಾವ ತೆಂಗಿನಕಾಯಿ ಲೆಕ್ಕ ಹಾಕುತ್ತಿದ್ದವರು ಎದ್ದರು. ಕೇಳಿದ್ದು ಒಂದೇ ಪ್ರಶ್ನೆ: "ಕಲಕಿದ್ಯಾ?"

"ಇಲ್ಲ."

"ಬೆಂಕಿ ಎಳಿ. ಮೇಲಿಂದ ಮೇಲೆ ಬೇರೆ ಪಾತ್ರೆಗೆ ತೆಗಿ. ತಳ ಮುಟ್ಬೇಡ."

ಅಡುಗೆ ಗೊತ್ತಿರುವವರಿಗೆ ಇದರ ಬೆಲೆ ತಿಳಿಯುತ್ತದೆ. ತಳ ಹಿಡಿದ ಹುಳಿಯನ್ನು ಕೆದಕದೆ ಮೇಲಿನದನ್ನು ತೆಗೆದರೆ ಮುಕ್ಕಾಲು ಪಾಲು ಉಳಿಯುತ್ತದೆ. ಹೆದರಿ ಒಂದು ಸಲ ಜೋರಾಗಿ ಕಲಕಿದರೆ ಸೀದ ವಾಸನೆ ಇಡೀ ಕೊಪ್ಪರಿಗೆಗೆ ಹತ್ತುತ್ತದೆ, ಆಮೇಲೆ ಬೆಲ್ಲ ಹಾಕಿ, ತುಪ್ಪ ಹಾಕಿ, ಏನು ಮಾಡಿದರೂ ಹೋಗುವುದಿಲ್ಲ. ಅಂದರೆ ಆ ಹುಳಿಯ ಹಣೆಬರಹ ನಿಂತಿದ್ದು ಆ ಒಂದೆರಡು ನಿಮಿಷದಲ್ಲಿ ಹುಡುಗ ಏನು ಮಾಡುತ್ತಾನೆ ಅನ್ನುವುದರ ಮೇಲೆ. ಬೈಗುಳಕ್ಕೆ ಹೆದರುವ ಹುಡುಗ ಆಗಿದ್ದರೆ ಮೊದಲು ಕಲಕುತ್ತಿದ್ದ, ಆಮೇಲೆ ನೀರು ಸುರಿಯುತ್ತಿದ್ದ, ಕೊನೆಗೆ ಸುಮ್ಮನಿರುತ್ತಿದ್ದ. ಗೊತ್ತಾಗುತ್ತಿದ್ದದ್ದು ಪಂಕ್ತಿಯಲ್ಲಿ ಕೂತವರಿಗೆ.

ನಾಯಕತ್ವ ಅಂದ ಕೂಡಲೇ ನಮಗೆಲ್ಲ ನೆನಪಾಗುವುದು ಮಾತುಗಾರಿಕೆ, ಧೈರ್ಯ, ದೂರದೃಷ್ಟಿ ಇತ್ಯಾದಿ. ಅವೆಲ್ಲ ಬೇಕು, ಇಲ್ಲ ಅನ್ನುವುದಿಲ್ಲ. ಆದರೆ ಇಷ್ಟು ವರ್ಷ ಬೇರೆ ಬೇರೆ ಕಡೆ ಕೆಲಸ ಮಾಡಿ, ಒಳ್ಳೆಯವರನ್ನೂ ಕೆಟ್ಟವರನ್ನೂ ನೋಡಿದ ಮೇಲೆ ನಾನು ಮೊದಲು ಗಮನಿಸುವುದು ಒಂದೇ ಸಂಗತಿ: ಈ ಮನುಷ್ಯನ ಹತ್ತಿರ ಕೆಟ್ಟ ಸುದ್ದಿ ಎಷ್ಟು ಬೇಗ ಬರುತ್ತದೆ? ಬೇಗ ಬಂದರೆ ಅವರು ಒಳ್ಳೆಯ ನಾಯಕರು. ತಡವಾಗಿ ಬಂದರೆ, ಅಥವಾ ಬರುವುದೇ ಇಲ್ಲ ಅಂದರೆ, ಅವರು ಎಷ್ಟೇ ಬುದ್ಧಿವಂತರಿರಲಿ, ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಗಾಡಿ ಓಡಿಸುತ್ತಿದ್ದಾರೆ.

ಇದನ್ನು ಅರ್ಥ ಮಾಡಿಕೊಳ್ಳಲು ನನಗೆ ಗೊತ್ತಿರುವ ಅತ್ಯುತ್ತಮ ಉದಾಹರಣೆ ನಮ್ಮ ಬೆಂಗಳೂರಿನಲ್ಲೇ ಇದ್ದವರದ್ದು. ಇಸ್ರೋದ ಅಧ್ಯಕ್ಷರಾಗಿದ್ದ ಸತೀಶ್ ಧವನ್.

ಧವನ್ ಹುಟ್ಟಿದ್ದು ಶ್ರೀನಗರದಲ್ಲಿ, 1920ರಲ್ಲಿ. ಲಾಹೋರಿನಲ್ಲಿ ಓದಿ, ಅಮೆರಿಕದ ಕ್ಯಾಲ್‌ಟೆಕ್‌ನಲ್ಲಿ ಪಿಎಚ್‌ಡಿ ಮಾಡಿ, 1951ರಲ್ಲಿ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿಗೆ, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು. ಮುಂದೆ ಅದರ ನಿರ್ದೇಶಕರಾದರು. 1971ರ ಡಿಸೆಂಬರ್ 30ರಂದು, ನಮ್ಮ ಬಾಹ್ಯಾಕಾಶದ ಕೆಲಸ ಶುರು ಮಾಡಿದ ವಿಕ್ರಮ್ ಸಾರಾಭಾಯಿ ತೀರಿಕೊಂಡಾಗ ಇಂದಿರಾ ಗಾಂಧಿ ಅವರಿಗೆ ಬಾಹ್ಯಾಕಾಶದ ಕೆಲಸ ನೋಡಿಕೊಳ್ಳಲು ಒಬ್ಬರು ಬೇಕಿತ್ತು. ಧವನ್ ಆಗ ಕ್ಯಾಲ್‌ಟೆಕ್‌ನಲ್ಲಿ ಒಂದು ವರ್ಷದ ಮಟ್ಟಿಗೆ ಇದ್ದರು. ಒಪ್ಪಿಕೊಂಡರು, ಆದರೆ ಷರತ್ತಿನ ಮೇಲೆ. ಕೇಂದ್ರ ಕಚೇರಿ ಬೆಂಗಳೂರಿನಲ್ಲಿ ಇರಬೇಕು, ತಾನು ವಿಜ್ಞಾನ ಸಂಸ್ಥೆಯ ನಿರ್ದೇಶಕನಾಗಿ ಮುಂದುವರಿಯಬೇಕು, ಕ್ಯಾಲ್‌ಟೆಕ್‌ನಲ್ಲಿ ಹಿಡಿದ ಕೆಲಸ ಮುಗಿಸಿಯೇ ಬರುತ್ತೇನೆ. ಅಲ್ಲಿಯವರೆಗೆ ವಿಜ್ಞಾನಿ ಎಂ.ಜಿ.ಕೆ. ಮೆನನ್ ಆ ಜವಾಬ್ದಾರಿ ಹೊತ್ತರು. ಇಸ್ರೋದ ಮುಖ್ಯ ಕಚೇರಿ ಇವತ್ತು ಬೆಂಗಳೂರಿನಲ್ಲಿರುವುದಕ್ಕೆ ಆ ಷರತ್ತೂ ಒಂದು ಕಾರಣ.

ಈಗ 1979ಕ್ಕೆ ಬರೋಣ.

ಭಾರತದ ಮೊದಲ ಉಪಗ್ರಹ ಉಡಾವಣಾ ರಾಕೆಟ್ಟು ಎಸ್‌ಎಲ್‌ವಿ-3. ನಾಲ್ಕು ಹಂತ, ಹದಿನೇಳು ಟನ್ ತೂಕ. ಇದರ ಯೋಜನಾ ನಿರ್ದೇಶಕ ಎ.ಪಿ.ಜೆ. ಅಬ್ದುಲ್ ಕಲಾಂ. ಆಗಸ್ಟ್ 10ರ ಬೆಳಿಗ್ಗೆ ಶ್ರೀಹರಿಕೋಟಾದಿಂದ ಹಾರಿತು. ಮೊದಲ ಹಂತ ಸರಿಯಾಗಿ ಕೆಲಸ ಮಾಡಿತು. ಎರಡನೇ ಹಂತದಲ್ಲಿ ಹಿಡಿತ ತಪ್ಪಿತು. ಒಟ್ಟು 317 ಸೆಕೆಂಡಿಗೆ ಹಾರಾಟ ಮುಗಿದು ಎಲ್ಲ ಬಂಗಾಳ ಕೊಲ್ಲಿಯ ಪಾಲಾಯಿತು. ವರ್ಷಗಟ್ಟಲೆ ನೂರಾರು ಜನ ದುಡಿದ ಕೆಲಸ ಅದು.

ಅವತ್ತಿನ ಪತ್ರಿಕಾಗೋಷ್ಠಿಯ ಕಥೆಯನ್ನು ನೀವು ಕೇಳಿರುತ್ತೀರಿ, ಕಲಾಂ ಅವರೇ ಎಷ್ಟೋ ವೇದಿಕೆಗಳಲ್ಲಿ ಹೇಳಿದ್ದಾರೆ. ಧವನ್ ತಾವೇ ಪತ್ರಕರ್ತರ ಮುಂದೆ ಕೂತರು. ಇವತ್ತು ಸೋತಿದ್ದೇವೆ, ನನ್ನ ತಂಡದ ಮೇಲೆ ನನಗೆ ನಂಬಿಕೆ ಇದೆ, ಮುಂದಿನ ವರ್ಷ ಗೆಲ್ಲುತ್ತಾರೆ ಅಂದರು. 1980ರ ಜುಲೈ 18ರಂದು ಅದೇ ಎಸ್‌ಎಲ್‌ವಿ-3 ಸುಮಾರು 35 ಕಿಲೋ ತೂಕದ ರೋಹಿಣಿ ಉಪಗ್ರಹವನ್ನು ಕಕ್ಷೆಗೆ ಸೇರಿಸಿದಾಗ, ಈ ಸಲ ಪತ್ರಕರ್ತರ ಹತ್ತಿರ ನೀನೇ ಮಾತಾಡು ಅಂತ ಕಲಾಂ ಅವರನ್ನು ಮುಂದೆ ಬಿಟ್ಟರು.

ಒಳ್ಳೆಯ ಕಥೆ. ಸೋಲು ತನ್ನದು, ಗೆಲುವು ತಂಡದ್ದು. ಎಲ್ಲರೂ ಇಲ್ಲಿಗೇ ನಿಲ್ಲಿಸಿ ಚಪ್ಪಾಳೆ ತಟ್ಟುತ್ತಾರೆ. ಆದರೆ ನನಗೆ ಇದಕ್ಕಿಂತ ಮುಖ್ಯ ಅನಿಸುವುದು ಈ ಎರಡು ದಿನಗಳ ಮಧ್ಯೆ ಮುಚ್ಚಿದ ಕೋಣೆಯಲ್ಲಿ ನಡೆದದ್ದು, ಯಾಕೆಂದರೆ ಹೊರಗೆ "ತಪ್ಪು ನನ್ನದು" ಅಂದು ಒಳಗೆ ಬಂದು ಒಬ್ಬೊಬ್ಬರನ್ನೇ ಹುರಿದು ಮುಕ್ಕುವ ಜನರನ್ನೂ ನಾನು ನೋಡಿದ್ದೇನೆ.

ರಾಕೆಟ್ಟು ಯಾಕೆ ಬಿತ್ತು ಅಂತ ತನಿಖೆ ಆಯಿತು. ಎರಡನೇ ಹಂತವನ್ನು ನಿಯಂತ್ರಿಸುವ ವ್ಯವಸ್ಥೆಗೆ ನೈಟ್ರಿಕ್ ಆಮ್ಲ ಬೇಕಿತ್ತು. ಉಡಾವಣೆಗೆ ಎಂಟು ನಿಮಿಷ ಇರುವಾಗ ಒಂದು ವಾಲ್ವ್ ತೆರೆದುಕೊಂಡಿತು, ಧೂಳು ಸಿಕ್ಕಿ ಮತ್ತೆ ಮುಚ್ಚಲಿಲ್ಲ. ಆಮ್ಲ ಸೋರಿ ಹೋಯಿತು. ಎರಡನೇ ಹಂತ ಕೆಲಸ ಮಾಡಬೇಕಾದಾಗ ಅದನ್ನು ಹಿಡಿದು ನಡೆಸುವ ಶಕ್ತಿಯೇ ಇರಲಿಲ್ಲ. ಧವನ್ ಅಧ್ಯಕ್ಷತೆಯ ಸಭೆಯಲ್ಲಿ ಈ ವರದಿ ಬಂತು. ಎಲ್ಲರೂ ಒಪ್ಪಿದರು. ಕಾರಣ ಸಿಕ್ಕಿತು, ಒಂದು ವಾಲ್ವು, ಸ್ವಲ್ಪ ಧೂಳು. ಯಾರ ಹೆಸರೂ ಬರಲಿಲ್ಲ. ಸಭೆ ಅಲ್ಲಿಗೆ ಮುಗಿಯಬಹುದಿತ್ತು.

ಆಗ ಕಲಾಂ ಎದ್ದು ನಿಂತರು. ಸೋರಿಕೆ ಕೊನೆಯ ಹೊತ್ತಿನಲ್ಲಿ ನಮ್ಮ ಗಮನಕ್ಕೆ ಬಂದಿತ್ತು, ಇದೇನು ದೊಡ್ಡದಲ್ಲ ಅಂತ ನಿರ್ಧಾರ ಮಾಡಿದ್ದು ನಾನು, ನಾನು ಉಡಾವಣೆ ನಿಲ್ಲಿಸಬೇಕಿತ್ತು, ಈ ಸೋಲಿನ ಹೊಣೆ ನನ್ನದು ಅಂದರು. ಬೇರೆ ದೇಶದಲ್ಲಾಗಿದ್ದರೆ ಹೀಗೆ ಮಾಡಿದ ನಿರ್ದೇಶಕನ ಕೆಲಸವೇ ಹೋಗುತ್ತಿತ್ತು ಅಂತಲೂ ಸೇರಿಸಿದರು. ಸಭೆಯಲ್ಲಿ ಯಾರೂ ಉಸಿರೆತ್ತಲಿಲ್ಲ. ಧವನ್ ಎದ್ದರು. ನಾನು ಕಲಾಂ ಅವರನ್ನೇ ಕಕ್ಷೆಗೆ ಸೇರಿಸುತ್ತೇನೆ ಅಂದರು. ಅಷ್ಟು ಹೇಳಿ ಹೊರಗೆ ನಡೆದರು, ಸಭೆ ಮುಗಿಯಿತು.

ಇಲ್ಲಿ ಸ್ವಲ್ಪ ನಿಂತು ನೋಡಿ. ಕಲಾಂ ಅವರನ್ನು ಯಾರೂ ಏನೂ ಕೇಳಿರಲಿಲ್ಲ. ತಪ್ಪು ಒಪ್ಪಿಕೊಳ್ಳದಿದ್ದರೂ ನಡೆಯುತ್ತಿತ್ತು. ಆದರೆ ಅವರು ಎದ್ದು ಹೇಳಿದ್ದರಿಂದ ತನಿಖೆಗೆ ಇನ್ನೊಂದು ಮುಖ ಬಂತು: ವಾಲ್ವು ಕೆಟ್ಟಿದ್ದು ಒಂದು ಸಮಸ್ಯೆ, ಕೆಟ್ಟಿದ್ದು ಕಣ್ಣಿಗೆ ಕಂಡ ಮೇಲೂ ನಾವು ಮುಂದೆ ಹೋದೆವು ಅನ್ನುವುದು ಇನ್ನೊಂದು. ಮೊದಲನೆಯದನ್ನು ಧೂಳು ಒರೆಸಿ ಸರಿ ಮಾಡಬಹುದು. ಎರಡನೆಯದು ಹೊರಗೆ ಬರಬೇಕಾದರೆ ಮನುಷ್ಯ ಬಾಯಿ ಬಿಡಬೇಕು. ಕಲಾಂ ದೊಡ್ಡ ಮನಸ್ಸಿನವರು, ನಿಜ. ಆದರೆ ಎದುರಿಗೆ ಕೂತವರು ಯಾರು ಅನ್ನುವುದೂ ಮುಖ್ಯ ಅಲ್ವಾ? ಆಗಸ್ಟ್ 10ರಂದು ಧವನ್ ಪತ್ರಕರ್ತರ ಎದುರು ಕೂತಾಗಲೇ ಇಡೀ ಇಸ್ರೋಗೆ ಒಂದು ವಿಷಯ ಗೊತ್ತಾಗಿತ್ತು, ಇವರು ನಮ್ಮನ್ನು ಬಿಟ್ಟುಕೊಡುವುದಿಲ್ಲ ಅಂತ.

ಇದರ ಹಿಂದಿನ ಲೆಕ್ಕಾಚಾರ ಸರಳ. ಕೆಳಗೆ ಕೆಲಸ ಮಾಡುವವನ ಕಣ್ಣಿಗೆ ಒಂದು ತಪ್ಪು ಬಿತ್ತು ಅಂದುಕೊಳ್ಳಿ. ಹೇಳಿದರೆ ಇವತ್ತೇ ಬೈಗುಳ, ಅದು ಖಂಡಿತ. ಹೇಳದಿದ್ದರೆ ನಾಳೆ ಏನಾದರೂ ಆಗಬಹುದು, ಆಗದೆಯೂ ಇರಬಹುದು. ಯಾರಾದರೂ ಏನು ಆರಿಸಿಕೊಳ್ಳುತ್ತಾರೆ? ಇದರಲ್ಲಿ ಅವನ ಗುಣದ ಪ್ರಶ್ನೆ ಕಡಿಮೆ, ಅವನ ಮುಂದೆ ಇಟ್ಟ ಲೆಕ್ಕದ ಪ್ರಶ್ನೆ ಜಾಸ್ತಿ. ಆ ಲೆಕ್ಕವನ್ನು ಬರೆಯುವುದು ಮೇಲೆ ಕೂತವರು, ಅದೂ ದಿನಾ, ಸಣ್ಣ ಸಣ್ಣ ವಿಷಯದಲ್ಲಿ. ಹೋದ ವಾರ ಒಬ್ಬ ತಪ್ಪು ಹೇಳಿಕೊಂಡಾಗ ಅವನ ಮುಖಕ್ಕೆ ಏನು ಬಿತ್ತು ಅನ್ನುವುದನ್ನು ಉಳಿದ ಎಲ್ಲರೂ ನೋಡಿರುತ್ತಾರೆ.

ಇನ್ನೂ ಒಂದು ಇದೆ. ಸುದ್ದಿ ಒಂದೊಂದೇ ಮೆಟ್ಟಿಲು ಹತ್ತುವಾಗ ತೆಳ್ಳಗಾಗುತ್ತದೆ. ಕೆಳಗಿನವನು "ಗೋಡೆ ಬಿರುಕು ಬಿಟ್ಟಿದೆ" ಅನ್ನುತ್ತಾನೆ. ಅವನ ಮೇಲಿನವನು "ಸಣ್ಣ ಬಿರುಕು ಕಾಣಿಸಿದೆ" ಅನ್ನುತ್ತಾನೆ. ಅವನ ಮೇಲಿನವನು "ಗೋಡೆ ಕಡೆ ಗಮನ ಕೊಟ್ಟಿದ್ದೇವೆ ಸಾರ್" ಅನ್ನುತ್ತಾನೆ. ಮೇಲಿನ ಮಹಡಿ ತಲುಪುವ ಹೊತ್ತಿಗೆ ಗೋಡೆಯೂ ಇಲ್ಲ, ಬಿರುಕೂ ಇಲ್ಲ, ಎಲ್ಲ ಸರಿ ಇದೆ. ಯಾರೂ ಸುಳ್ಳು ಹೇಳಿಲ್ಲ. ಪ್ರತಿಯೊಬ್ಬರೂ ಸ್ವಲ್ಪ ಮೆತ್ತಗೆ ಮಾಡಿದ್ದಾರೆ, ಅಷ್ಟೇ.

ಹೀಗೆ ಆಗಿ ಜೀವ ಹೋದ ಉದಾಹರಣೆಯೂ ರಾಕೆಟ್ಟಿನದ್ದೇ. 1986ರ ಜನವರಿ 28, ಅಮೆರಿಕದ ಚಾಲೆಂಜರ್ ಬಾಹ್ಯಾಕಾಶ ನೌಕೆ. ಹಾರಿದ 73 ಸೆಕೆಂಡಿಗೆ ಒಡೆದು ಏಳು ಜನ ತೀರಿಕೊಂಡರು. ರಾಕೆಟ್ಟಿನ ಭಾಗಗಳ ಮಧ್ಯೆ ಬಿಸಿ ಅನಿಲ ಸೋರದಂತೆ ತಡೆಯುವ ರಬ್ಬರ್ ಉಂಗುರ ಚಳಿಗೆ ಗಡುಸಾಗಿತ್ತು. ಈ ಅಪಾಯ ಯಾರಿಗೂ ಗೊತ್ತಿರಲಿಲ್ಲ ಅಂದುಕೊಳ್ಳಬೇಡಿ. ಹಿಂದಿನ ರಾತ್ರಿಯೇ ಆ ರಾಕೆಟ್ಟು ಮಾಡಿದ ಕಂಪನಿಯ ಎಂಜಿನಿಯರುಗಳು ಫೋನಿನಲ್ಲಿ ಸಭೆ ಮಾಡಿ, ಇಷ್ಟು ಚಳಿಯಲ್ಲಿ ಬೇಡ, ಸುಮಾರು 12 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆ ಇದ್ದರೆ ಹಾರಿಸಬೇಡಿ ಅಂದಿದ್ದರು. ಬೆಳಿಗ್ಗೆ ಉಡಾವಣೆಯ ಹೊತ್ತಿಗೆ ಇದ್ದದ್ದು ಎರಡು ಡಿಗ್ರಿ ಆಸುಪಾಸು. ನಾಸಾದ ಅಧಿಕಾರಿಗಳಿಗೆ ಆ ಮಾತು ಹಿಡಿಸಲಿಲ್ಲ. ಕಂಪನಿಯ ಮೇಲಿನವರು ತಮ್ಮ ಎಂಜಿನಿಯರುಗಳ ಮಾತು ಬದಿಗಿಟ್ಟು ಒಪ್ಪಿಗೆ ಕೊಟ್ಟರು. ನನ್ನನ್ನು ಬೆಚ್ಚಿಬೀಳಿಸುವುದು ಆಮೇಲಿನ ತನಿಖಾ ಆಯೋಗ ಕಂಡುಕೊಂಡ ಸಂಗತಿ. ಹಾರಿಸೋಣ ಅಂತ ಕೊನೆಯ ನಿರ್ಧಾರ ತೆಗೆದುಕೊಂಡವರಿಗೆ, ಎಂಜಿನಿಯರುಗಳು ಮೊದಲು ಬೇಡ ಅಂದಿದ್ದರು ಅನ್ನುವುದೇ ಗೊತ್ತಿರಲಿಲ್ಲ. ಸುದ್ದಿ ಅಷ್ಟು ಮೇಲೆ ಹೋಗಲೇ ಇಲ್ಲ.

ಆಸ್ಪತ್ರೆಗಳಲ್ಲೂ ಇದೇ. ಏಮಿ ಎಡ್ಮಂಡ್‌ಸನ್ ಅನ್ನುವ ಸಂಶೋಧಕಿ 1990ರ ದಶಕದಲ್ಲಿ ಆಸ್ಪತ್ರೆಯ ಬೇರೆ ಬೇರೆ ತಂಡಗಳಲ್ಲಿ ಔಷಧಿ ಕೊಡುವಾಗ ಆಗುವ ತಪ್ಪುಗಳನ್ನು ಎಣಿಸಲು ಹೋದರು. ಒಳ್ಳೆಯ ತಂಡದಲ್ಲಿ ತಪ್ಪು ಕಡಿಮೆ ಇರಬೇಕು ಅಂತ ಅವರ ಊಹೆ. ಸಿಕ್ಕಿದ್ದು ಉಲ್ಟಾ. ಒಳ್ಳೆಯ ತಂಡಗಳಲ್ಲೇ ದಾಖಲಾದ ತಪ್ಪುಗಳು ಜಾಸ್ತಿ. ಯೋಚಿಸಿ ನೋಡಿದಾಗ ಗೊತ್ತಾಗಿದ್ದೇನೆಂದರೆ, ಅಲ್ಲಿ ತಪ್ಪು ಜಾಸ್ತಿ ಆಗುತ್ತಿದೆ ಅಂತಲ್ಲ, ಅಲ್ಲಿನ ನರ್ಸುಗಳು ತಪ್ಪನ್ನು ಹೆದರದೆ ಹೇಳುತ್ತಿದ್ದಾರೆ. ಬೇರೆ ಕಡೆ ಮುಚ್ಚಿಡುತ್ತಿದ್ದಾರೆ. ಹಾಗಾಗಿ ನಿಮ್ಮ ಕಚೇರಿಯಲ್ಲಿ ಸಮಸ್ಯೆಗಳೇ ಇಲ್ಲ ಅಂತ ಯಾರಾದರೂ ಹೆಮ್ಮೆಯಿಂದ ಹೇಳಿದರೆ ಸ್ವಲ್ಪ ಹುಷಾರಾಗಿರಿ.

ನಮ್ಮಲ್ಲಿ ಇದು ಇನ್ನೂ ಕಷ್ಟ. ಹಿರಿಯರ ಮುಂದೆ ಎದುರು ಮಾತಾಡಬಾರದು ಅಂತ ಕೇಳಿಕೊಂಡೇ ಬೆಳೆದವರು ನಾವು. ಮನೆಯಲ್ಲಿ ಅಪ್ಪ, ಶಾಲೆಯಲ್ಲಿ ಮೇಷ್ಟ್ರು, ಕೆಲಸಕ್ಕೆ ಸೇರಿದ ಮೇಲೆ ಸಾಹೇಬರು. ಗೌರವ ಒಳ್ಳೆಯದೇ, ಆದರೆ ಆ ಗೌರವದ ಜೊತೆಗೇ ಮೌನವೂ ಬಂದು ಕೂತುಬಿಡುತ್ತದೆ. ನಾನು ಮೊದಲು ಕೆಲಸ ಮಾಡಿದ ಒಂದು ಕಡೆ ಪ್ರತಿ ಸೋಮವಾರ ಸಭೆ. ಸಾಹೇಬರು ಬಂದು ಕೂತ ಕೂಡಲೇ "ಏನಪ್ಪಾ, ಎಲ್ಲ ಸರಿ ಇದೆ ತಾನೇ?" ಅನ್ನುತ್ತಿದ್ದರು. ಆ "ತಾನೇ"ಗೆ ಇರುವುದು ಒಂದೇ ಉತ್ತರ. "ಹೂಂ ಸಾರ್." ಒಂದು ಸಲ ನನ್ನ ಪಕ್ಕದ ಹುಡುಗಿ, ಕೆಲಸಕ್ಕೆ ಸೇರಿ ಮೂರು ತಿಂಗಳಾಗಿತ್ತು, "ಇಲ್ಲ ಸಾರ್, ಲೆಕ್ಕದಲ್ಲಿ ಏನೋ ವ್ಯತ್ಯಾಸ ಬರ್ತಿದೆ" ಅಂದಳು. "ಯಾರು ಮಾಡಿದ್ದು?" ಅಂದರು ಅವರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ಇಡೀ ಕೋಣೆ ಹೆಗಲು ಮುಟ್ಟಿಕೊಂಡಿತು. ಏನು ವ್ಯತ್ಯಾಸ, ಯಾವಾಗಿಂದ, ಎಷ್ಟು ಅನ್ನುವ ಪ್ರಶ್ನೆಗಳು ಬರಲೇ ಇಲ್ಲ. ಮುಂದಿನ ಸೋಮವಾರ ಅವಳೂ "ಹೂಂ ಸಾರ್" ಅಂದಳು. ಆ ವ್ಯತ್ಯಾಸ ವರ್ಷದ ಕೊನೆಯಲ್ಲಿ ಆಡಿಟ್‌ನಲ್ಲಿ ಹೊರಬಂತು, ಆಗ ಅದು ಎಷ್ಟೋ ಪಟ್ಟು ಬೆಳೆದಿತ್ತು.

"ಯಾರು ಮಾಡಿದ್ದು" ಮತ್ತು "ಕಲಕಿದ್ಯಾ". ನನಗೆ ಈ ಎರಡು ಪ್ರಶ್ನೆಗಳು ಯಾವಾಗಲೂ ಅಕ್ಕಪಕ್ಕ ನೆನಪಾಗುತ್ತವೆ. ಒಂದು ಮನುಷ್ಯನನ್ನು ಹುಡುಕುತ್ತದೆ, ಇನ್ನೊಂದು ಹುಳಿಯನ್ನು ಉಳಿಸುತ್ತದೆ.

ಹಾಗಾದರೆ ಏನು ಮಾಡಿದರೂ ಕ್ಷಮೆಯಾ ಅಂತ ನೀವು ಕೇಳಬಹುದು. ಇದು ನ್ಯಾಯವಾದ ಪ್ರಶ್ನೆ, ಇಲ್ಲಿ ತುಂಬಾ ಜನ ಎಡವುತ್ತಾರೆ. ಬೈಯದೆ ಇರುವುದು ಬೇರೆ, ಸಡಿಲ ಬಿಡುವುದು ಬೇರೆ. ನನ್ನ ಮಾವ ಸೌಮ್ಯ ಸ್ವಭಾವದವರೇನಲ್ಲ. ಅಕ್ಕಿ ಸರಿಯಾಗಿ ತೊಳೆಯದೆ ತೊಳೆದಿದ್ದೇನೆ ಅಂದ ಒಬ್ಬನನ್ನು ಮಧ್ಯಾಹ್ನವೇ ಲೆಕ್ಕ ಕೊಟ್ಟು ಮನೆಗೆ ಕಳಿಸಿದ್ದನ್ನು ನೋಡಿದ್ದೇನೆ. ತಪ್ಪು ಆಯಿತು ಅಂದವನಿಗೆ ಅವರ ಹತ್ತಿರ ಜಾಗ ಇತ್ತು, ಮುಚ್ಚಿಟ್ಟವನಿಗೆ ಇರಲಿಲ್ಲ. ಈ ಗೆರೆ ಎಲ್ಲಿದೆ ಅಂತ ತಂಡದ ಪ್ರತಿಯೊಬ್ಬನಿಗೂ ಗೊತ್ತಿತ್ತು. ಅವತ್ತು ಊಟ ಎಲ್ಲ ಮುಗಿದ ಮೇಲೆ, ಪಾತ್ರೆ ತಿಕ್ಕುವ ಹೊತ್ತಿಗೆ, ಹುಡುಗನನ್ನು ಕರೆದು ಯಾಕೆ ತಳ ಹಿಡೀತು ಅಂತ ಕೇಳಿದರು. ಅವನು ಎರಡು ಒಲೆ ನೋಡಿಕೊಳ್ಳುತ್ತಿದ್ದ, ಪಾಯಸದ ಹಾಲು ಉಕ್ಕುವ ಭಯಕ್ಕೆ ಆ ಕಡೆ ಜಾಸ್ತಿ ಹೊತ್ತು ನಿಂತಿದ್ದ. ಮುಂದಿನ ಮದುವೆಯಿಂದ ಹುಳಿ ಒಲೆಗೆ ಒಬ್ಬ, ಪಾಯಸಕ್ಕೆ ಇನ್ನೊಬ್ಬ. ತಪ್ಪಿನ ಅರ್ಧ ಪಾಲು ಕೆಲಸ ಹಂಚಿದ ರೀತಿಯಲ್ಲೇ ಇತ್ತು, ಅಂದರೆ ಮಾವನದ್ದೇ. ಹುಡುಗ ಬಾಯಿ ಬಿಡದಿದ್ದರೆ ಅದು ಅವರಿಗೆ ಗೊತ್ತೇ ಆಗುತ್ತಿರಲಿಲ್ಲ.

ಒಬ್ಬ ನಾಯಕ ಹೋದ ಮೇಲೂ ಈ ಅಭ್ಯಾಸ ಉಳಿಯಬಹುದು. 2019ರ ಸೆಪ್ಟೆಂಬರ್‌ನಲ್ಲಿ ಚಂದ್ರಯಾನ-2ರ ವಿಕ್ರಮ್ ಲ್ಯಾಂಡರ್ ಚಂದ್ರನ ಮೇಲೆ ಅಪ್ಪಳಿಸಿತು. ಚಂದ್ರಯಾನ-3 ಕಟ್ಟುವಾಗ ಇಸ್ರೋದವರು ಯೋಚಿಸುವ ದಿಕ್ಕನ್ನೇ ಬದಲಿಸಿದರು. ಎಲ್ಲ ಸರಿಯಾದರೆ ಹೇಗೆ ಇಳಿಯುತ್ತದೆ ಅನ್ನುವ ಬದಲು, ಏನೇನು ಕೆಡಬಹುದು, ಸೆನ್ಸರ್ ಕೈ ಕೊಟ್ಟರೆ ಏನು, ವೇಗ ಜಾಸ್ತಿಯಾದರೆ ಏನು, ಹೀಗೆ ಒಂದೊಂದೇ ಕೆಡುವುದನ್ನು ಮೊದಲೇ ಎದುರಿಗೆ ಇಟ್ಟುಕೊಂಡು ವಿನ್ಯಾಸ ಮಾಡಿದೆವು ಅಂತ ಆಗಿನ ಅಧ್ಯಕ್ಷ ಎಸ್. ಸೋಮನಾಥ್ ವಿವರಿಸಿದ್ದರು. ಕಾಲುಗಳನ್ನು ಗಟ್ಟಿ ಮಾಡಿದರು, ಇಂಧನ ಹೆಚ್ಚಿಸಿದರು. ಇಳಿಯುವ ಜಾಗ ಹಿಂದೆ 500 ಮೀಟರ್‌ಗೆ 500 ಮೀಟರ್ ಇದ್ದದ್ದನ್ನು 4 ಕಿಲೋಮೀಟರ್‌ಗೆ 2.4 ಕಿಲೋಮೀಟರ್ ಮಾಡಿದರು. 2023ರ ಆಗಸ್ಟ್ 23ರ ಸಂಜೆ ಇಳಿದೇಬಿಟ್ಟಿತು. ಏನೇನು ಕೆಡಬಹುದು ಅಂತ ಪಟ್ಟಿ ಮಾಡಬೇಕಾದರೆ, ನನ್ನ ಭಾಗ ಇಲ್ಲಿ ಕೆಡಬಹುದು ಅಂತ ಪ್ರತಿಯೊಬ್ಬನೂ ಬಾಯಿಬಿಟ್ಟು ಹೇಳಬೇಕು. ಹೆದರುವ ಜನರಿಂದ ಆ ಪಟ್ಟಿ ಹುಟ್ಟುವುದಿಲ್ಲ.

ನೀವು ನಾಲ್ಕು ಜನರ ತಂಡ ನೋಡಿಕೊಳ್ಳುತ್ತಿರಬಹುದು, ಒಂದು ಅಂಗಡಿ ಇರಬಹುದು, ಹಾಲು ಸೊಸೈಟಿಯ ಅಧ್ಯಕ್ಷರಿರಬಹುದು, ಶಾಲೆಯ ಮುಖ್ಯೋಪಾಧ್ಯಾಯರಿರಬಹುದು. ಕಳೆದ ಒಂದು ತಿಂಗಳಲ್ಲಿ ನಿಮಗೆ ಇಷ್ಟವಾಗದ ಸುದ್ದಿಯನ್ನು ನಿಮ್ಮ ಕೆಳಗಿನವರು ತಾವಾಗಿ ಬಂದು ಎಷ್ಟು ಸಲ ಹೇಳಿದ್ದಾರೆ ಅಂತ ಎಣಿಸಿ ನೋಡಿ. ಒಂದೂ ಇಲ್ಲ ಅಂದರೆ ಪ್ರಶ್ನೆ ಕೇಳುವ ರೀತಿ ಬದಲಿಸಿ. "ಎಲ್ಲ ಸರಿ ಇದೆ ತಾನೇ" ಬಿಟ್ಟು "ಇದರಲ್ಲಿ ನಿಮಗೆ ಎಲ್ಲಿ ಅನುಮಾನ ಇದೆ" ಅಂತ ಕೇಳಿ. ಎಲ್ಲರಿಗಿಂತ ಚಿಕ್ಕವರು ಮೊದಲು ಮಾತಾಡಲಿ, ನಿಮ್ಮ ಅಭಿಪ್ರಾಯ ಕೊನೆಗಿರಲಿ, ಯಾಕೆಂದರೆ ನೀವು ಒಂದು ಸಲ ಹೇಳಿದ ಮೇಲೆ ಉಳಿದವರೆಲ್ಲ ಅದಕ್ಕೇ ತಲೆಯಾಡಿಸುತ್ತಾರೆ. ಮೊದಲ ಸಲ ಯಾರಾದರೂ ಕೆಟ್ಟ ಸುದ್ದಿ ತಂದಾಗ, ನಿಮಗೆ ಒಳಗೆ ಎಷ್ಟೇ ಕುದಿಯುತ್ತಿದ್ದರೂ, "ಬೇಗ ಹೇಳಿದ್ದು ಒಳ್ಳೆಯದಾಯಿತು" ಅನ್ನಿ. ಉಳಿದವರು ಅದನ್ನೇ ಕಾಯುತ್ತಿರುತ್ತಾರೆ.

1979ರ ಆಗಸ್ಟ್ 10ರದ್ದೇ ಇನ್ನೊಂದು ಘಟನೆ ಇದೆ. ಧವನ್ ಅವರಷ್ಟು ಹೆಸರು ಮಾಡದ ಬ್ರಹ್ಮ ಪ್ರಕಾಶ್ ಅವರದ್ದು. ಅವರು ಆಗ ತಿರುವನಂತಪುರದ ವಿಕ್ರಮ್ ಸಾರಾಭಾಯಿ ಕೇಂದ್ರ ನಡೆಸುತ್ತಿದ್ದವರು, ಕಲಾಂ ಅವರ ನೇರ ಹಿರಿಯರು, ಹಿಂದೆ ನಮ್ಮ ವಿಜ್ಞಾನ ಸಂಸ್ಥೆಯಲ್ಲಿ ಲೋಹಶಾಸ್ತ್ರ ಕಲಿಸಿದವರು. ರಾಕೆಟ್ಟು ಸಮುದ್ರಕ್ಕೆ ಬಿದ್ದ ಮೇಲೆ ಕಲಾಂ ದಣಿವಿನಲ್ಲಿ, ನೋವಿನಲ್ಲಿ, ನೇರ ಕೋಣೆಗೆ ಹೋಗಿ ಹಾಸಿಗೆ ಮೇಲೆ ಬಿದ್ದುಕೊಂಡರು. ಯಾರೋ ಮೆಲ್ಲಗೆ ಭುಜ ಮುಟ್ಟಿದಾಗ ಎಚ್ಚರವಾಯಿತು. ಆಗಲೇ ಸಂಜೆಯಾಗುತ್ತಾ ಬಂದಿತ್ತು. ಹಾಸಿಗೆಯ ಪಕ್ಕದಲ್ಲಿ ಬ್ರಹ್ಮ ಪ್ರಕಾಶ್ ಕೂತಿದ್ದರು. ಊಟಕ್ಕೆ ಹೋಗೋಣವಾ ಅಂತ ಕೇಳಿದರು. ಅದಕ್ಕೆ ಮೊದಲು ಎರಡು ಸಲ ಬಂದು, ಮಲಗಿದ್ದಾರೆ ಅಂತ ನೋಡಿ, ಎಬ್ಬಿಸದೆ ವಾಪಸ್ ಹೋಗಿದ್ದರು ಅಂತ ಕಲಾಂ ಅವರಿಗೆ ಆಮೇಲೆ ತಿಳಿಯಿತು. ಅಷ್ಟು ಹೊತ್ತು ಅವರೂ ಊಟ ಮಾಡಿರಲಿಲ್ಲ.